ಶನಿವಾರದ ಕೊನೇ ಪೀರಿಯಡ್ ನನ್ ತಲೆಗೆ ಕಟ್ಟಿದಾರೆ, ಹೈಸ್ಕೂಲ್ ಮಕ್ಕಳಿಗೆ ಏನ್ ಮಾಡ್ಸೋದು?

ಆಲೂರು ಸಮಾಜ ಮೇಷ್ಟ್ರು

ಎಲ್ರಿಗೂ ನಮಸ್ಕಾರ. ಆಲೂರು ಕಡೆ ಒಂದು ಸರ್ಕಾರಿ ಪ್ರೌಢಶಾಲೆಲಿ ಸಮಾಜ ವಿಜ್ಞಾನ ಮಾಡ್ತೀನಿ. ಈ ಸಲ ಟೈಂ ಟೇಬಲ್ ಹಾಕೋವಾಗ ನಮ್ ಹೆಚ್.ಎಂ. ಶನಿವಾರದ ಕೊನೇ ಪೀರಿಯಡ್ ನನ್ ಹೆಸರಿಗೆ ಬರೆದು, ಎದುರುಗಡೆ ಗ್ರಂಥಾಲಯ, ಜೀವನ ಕೌಶಲ, ವೃತ್ತಿ ಮಾರ್ಗದರ್ಶನ ಅಂತ ಮೂರು ಹೆಸರು ಹಾಕಿ ಸುಮ್ಮನಾಗಿದಾರೆ. ಮೂರೂ ಒಂದೇ ಪೀರಿಯಡ್ಡಲ್ಲಿ. ಗ್ರಂಥಾಲಯ ಅಂದ್ರೆ ಸ್ಟಾಫ್ ರೂಮಲ್ಲಿರೋ ಬೀರು, ಜೀವನ ಕೌಶಲ ಅಂದ್ರೆ ಯಾವ್ದೋ ಟ್ರೈನಿಂಗಲ್ಲಿ ಕೊಟ್ಟ ಮಾಡ್ಯೂಲು, ವೃತ್ತಿ ಮಾರ್ಗದರ್ಶನ ಅಂದ್ರೆ ಗೋಡೆ ಮೇಲಿರೋ "ಎಸ್ಸೆಸ್ಸೆಲ್ಸಿ ನಂತರ ಮುಂದೇನು" ಚಾರ್ಟು, ಅದೂ ಅರ್ಧ ಗೆದ್ದಲು ತಿಂದಿರೋದು. ಹೋದ ವರ್ಷ ಈ ಪೀರಿಯಡ್ಡಿಗೆ ಗಣಿತದವರು ಬಂದು ಸ್ಪೆಷಲ್ ಕ್ಲಾಸ್ ತಗೊಳ್ತಿದ್ರು.

ಮಕ್ಕಳ ಬಗ್ಗೆ ಹೇಳ್ಬೇಕಂದ್ರೆ, ತುಂಬಾ ಜನ ಎಸ್ಟೇಟ್ ಲೈನ್ ಮನೆಗಳಿಂದ ಬರೋರು, ಉಳಿದವ್ರು ಸಣ್ಣ ಹಿಡುವಳಿದಾರರ ಮಕ್ಕಳು. ರೋಡಲ್ಲಿ ಆನೆ ಇದೆ ಅಂದ್ರೆ ಬೆಳಿಗ್ಗೆ ಬರಲ್ಲ, ಕೊಯ್ಲು ಶುರುವಾದ್ರೆ ಅಪ್ಪ ಅಮ್ಮನ ಜೊತೆ ತೋಟಕ್ಕೆ ಹೋಗ್ಬಿಡ್ತಾರೆ, ಅರೇಬಿಕಾ ನವೆಂಬರಿಂದ, ಅದು ಮುಗೀತಿದ್ದಂಗೆ ರೊಬಸ್ಟಾ, ರೊಬಸ್ಟಾ ಮುಗಿಯೋಷ್ಟರಲ್ಲಿ ಪಬ್ಲಿಕ್ ಪರೀಕ್ಷೆ ಬಂದಿರುತ್ತೆ. ಫೋನ್ ಮಾತ್ರ ಎಲ್ರ ಮನೇಲೂ ಇದೆ.

ಮೊನ್ನೆ 8ನೇ ಕ್ಲಾಸಿಗೆ ಹೊಯ್ಸಳರ ಬಗ್ಗೆ ಒಂದು ಚಟುವಟಿಕೆ ಕೊಟ್ಟೆ. ಬೇಲೂರು ಏನು ದೂರನಾ, ಬಸ್ ಹತ್ತಿದ್ರೆ ಹೋಗಿಬರ್ಬೋದು. ಬಂದಿದ್ದೇನು ಅಂದ್ರೆ ಎಲ್ರದ್ದೂ ಒಂದೇ ಪ್ರಿಂಟೌಟು, ಅದೇ ಹೂವಿನ ಬಾರ್ಡರು, ಕೆಳಗಡೆ ವೆಬ್‌ಸೈಟ್ ಹೆಸರು ಕೂಡ ಹಂಗೇ ಇದೆ. ಒಬ್ಬ ಹುಡುಗನ್ನ "ಚೆನ್ನಕೇಶವ ದೇವಸ್ಥಾನ ಕಟ್ಸಿದ್ ಯಾರೋ" ಅಂದ್ರೆ "ಅದ್ರಲ್ಲಿದೆ ಸಾರ್" ಅಂತಾನೆ. ಅವನ ಕೈಲೇ ಇದೆ ಪೇಪರು!

ಈ ಪೀರಿಯಡ್‌ನ ಏನಾದ್ರೂ ಉಪಯೋಗಕ್ಕೆ ಬರೋ ಹಂಗೆ ಮಾಡ್ಬೋದಾ? ಮಾಡಿರೋರು ಇದ್ರೆ ಹೇಳಿ. ಭಾಷಣ ಬೇಡ, ಏನ್ ಮಾಡಿದ್ರಿ ಅಷ್ಟು ಹೇಳಿ ಸಾಕು.

ಹೊಳೆನರಸೀಪುರದ ಹುಡ್ಗ

ಶನಿವಾರ ಕೊನೇ ಪೀರಿಯಡ್ಡಲ್ಲಿ ಯಾರ್ ಸಾರ್ ಪಾಠ ಕೇಳ್ತಾರೆ, ಕಿಟಕಿ ಕಡೆ ನೋಡ್ತಾ ಕೂತಿರ್ತಾರೆ. ಖೋ ಖೋ ಆಡಕ್ಕೆ ಬಿಡಿ, ಅದೇ ವ್ಯಕ್ತಿತ್ವ ವಿಕಸನ.

ಕಡೂರು ರಿಟೈರ್ಡ್ ಹೆಚ್.ಎಂ.

ಮೇಷ್ಟ್ರೆ, ಬೇಜಾರ್ ಮಾಡ್ಕೋಬೇಡಿ, ನೇರವಾಗೇ ಹೇಳ್ತೀನಿ. ಆ ಪೀರಿಯಡ್‌ನ ಗಣಿತದವರಿಗೇ ಬಿಟ್ಕೊಡಿ. ಪರೀಕ್ಷೆ ಹಾಲಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಬಂದ್ಮೇಲೆ ಏನಾಯ್ತು ನೋಡಿದ್ರಲ್ಲ, ಎಸ್ಸೆಸ್ಸೆಲ್ಸಿ ರಿಸಲ್ಟು 2024ರಲ್ಲಿ ಗ್ರೇಸ್ ಮಾರ್ಕ್ಸ್ ಸೇರ್ಸಿ ಕೊಟ್ಟೂ ಶೇ 73.40, ಮುಂದಿನ ವರ್ಷ ಪರೀಕ್ಷೆ-1ರಲ್ಲಿ 66.14. ರಿಸಲ್ಟ್ ಬಿದ್ರೆ ಕಾರಣ ಕೇಳೋ ನೋಟಿಸ್ ಬರೋದು ಶಾಲೆಗೆ. ಜೀವನ ಕೌಶಲ ಎಷ್ಟ್ ಕಲ್ಸಿದ್ರಿ ಅಂತ ಯಾವ ರಿವ್ಯೂ ಮೀಟಿಂಗಲ್ಲೂ ಯಾರೂ ಕೇಳಿದ್ದು ನಾನಂತೂ ನೋಡಿಲ್ಲ. ನಾವು ಬೆಳಗಿನ ಜಾವ ಮಕ್ಕಳ ಮನೆಗೆ ಫೋನ್ ಮಾಡಿ ಎಬ್ಬಿಸ್ತಿದ್ವಿ, ಓದೋದ್ರಲ್ಲಿ ಹಿಂದಿರೋ ಸಿ ಗ್ರೂಪ್ ಮಕ್ಕಳನ್ನ ಒಬ್ಬೊಬ್ಬ ಮೇಷ್ಟ್ರಿಗೆ ದತ್ತು ಕೊಡ್ತಿದ್ವಿ, ಪಾಸಾಗೋಷ್ಟು ಪ್ರಶ್ನೆ ಉತ್ತರ ಇರೋ ಪಾಸಿಂಗ್ ಪ್ಯಾಕೇಜ್ ಬಾಯಿಪಾಠ ಮಾಡ್ಸಿ ದಡ ಮುಟ್ಟಿಸ್ತಿದ್ವಿ. ಮಕ್ಕಳಿಗೆ ಬೆಂಬಲ ಅಂದ್ರೆ ಅದು ಕಣ್ರಿ. ಪಾಸೇ ಆಗ್ದಿರೋ ಹುಡುಗನಿಗೆ ವ್ಯಕ್ತಿತ್ವ ವಿಕಸನ ಇಟ್ಕೊಂಡು ಏನ್ ಮಾಡೋದು? ಜೊತೆಗೆ ಫೇಲಾದ್ರೂ ಅದೇ ವರ್ಷ ಮತ್ತೆ ಪರೀಕ್ಷೆ ಇದೆ ಅಂತ ಮಕ್ಕಳೂ ಸದರ ಮಾಡ್ಕೊಂಡಿದಾವೆ.

ಹಾಸನ ಇಂಜಿನಿಯರಿಂಗ್ ಪಾರ್ಟಿ

ಹೆಚ್.ಎಂ. ಸಾರ್, ನಾನು ನಿಮ್ಮಂಥೋರ ಕೈಲೇ ಓದಿ ಪಾಸಾದವನು, ಬೆಳಿಗ್ಗೆ ಫೋನ್ ಮಾಡಿ ಎಬ್ಬಿಸ್ತಿದ್ದ ಮೇಷ್ಟ್ರು ನಮಗೂ ಇದ್ರು, ಅವ್ರ ಋಣ ಇದೆ, ಅದಕ್ಕೆ ಒಂದ್ ಮಾತೂ ಅನ್ನಲ್ಲ. ಆದ್ರೆ ಪಾಸಾದ್ಮೇಲೆ ಏನಾಯ್ತು ಅಂತ ಕೇಳಿ.

ನಾನು, ನನ್ ಫ್ರೆಂಡು ಇಬ್ರೂ ಸಕಲೇಶಪುರ ತಾಲೂಕಿನ ಹಳ್ಳಿ ಶಾಲೆಲಿ ಒಂದ್ರಿಂದ ಹತ್ತು ಕನ್ನಡ ಮೀಡಿಯಂ. ಸಿಇಟಿಲಿ ಕನ್ನಡ ಮಾಧ್ಯಮದವರಿಗೆ ಶೇ 5, ಗ್ರಾಮೀಣಕ್ಕೆ ಶೇ 15 ಮೀಸಲಾತಿ ಇದೆ ಅಂತ ನನಗೆ ಗೊತ್ತಾಗಿದ್ದು ಪಿಯುಸಿ ಹಾಸ್ಟೆಲ್ಲಲ್ಲಿ ಒಬ್ಬ ಸೀನಿಯರ್ ಹೇಳಿದ್ಮೇಲೆ. ಅದಕ್ಕೆ ಓದಿದ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಬೇಕು, ಅದ್ರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿನೂ ಬೇಕು, ಅಪ್ಲಿಕೇಶನ್ ಹಾಕೋವಾಗ್ಲೇ ಆ ಕಾಲಂ ತುಂಬ್ಬೇಕು. ನಾನು ಓಡಾಡಿ ಮಾಡಿಸ್ಕೊಂಡೆ. ನನ್ ಫ್ರೆಂಡು ಬೇರೆ ಕಾಲೇಜಲ್ಲಿದ್ದ, ಅವನಿಗೆ ಯಾರೂ ಹೇಳ್ಲಿಲ್ಲ, ಸೈಬರ್ ಸೆಂಟರ್‌ನವ್ನು ಆ ಕಾಲಂಗೆ "ಇಲ್ಲ" ಅಂತ ಕೊಟ್ಟು ಸಬ್ಮಿಟ್ ಮಾಡ್ಬಿಟ್ಟ. ಓದೋದ್ರಲ್ಲಿ ನನಗಿಂತ ಅವನೇ ಮುಂದಿದ್ದ ಸಾರ್, ಸುಮ್ನೆ ಹೇಳ್ತಿಲ್ಲ.

ಈಗ ಹೇಳಿ, ಇದು ಗಣಿತ ಬರ್ದೇ ಆಗಿದ್ದಾ?

ಇನ್ನೊಂದು, ಪಿಯುಸಿಗೆ ಹೋದಾಗ ಲೆಕ್ಚರರ್ ಮಾತಾಡ್ತಾ ಹೋದ್ರೆ ನೋಟ್ಸ್ ಮಾಡ್ಕೊಳ್ಳೋದು ಹೆಂಗೆ ಅಂತ್ಲೇ ಗೊತ್ತಿರ್ಲಿಲ್ಲ ನಮಗೆ. ಹತ್ತು ವರ್ಷ ಬೋರ್ಡ್ ಮೇಲಿದ್ದಿದ್ದನ್ನ ಇಳ್ಸಿಕೊಂಡಿದ್ದಷ್ಟೇ. ಕೇಳಿಸ್ಕೊಂಡು ನಮ್ಮ ಮಾತಲ್ಲಿ ಎರಡು ಸಾಲು ಬರಿ ಅಂತ ಯಾರಾದ್ರೂ ಶನಿವಾರ ಶನಿವಾರ ಮಾಡ್ಸಿದ್ರೆ ಅವರ ಕಾಲಿಗೆ ಬೀಳ್ತಿದ್ದೆ.

ಅರಿವು ಕೇಂದ್ರದ ಅಕ್ಕ

ಆಲೂರು ಮೇಷ್ಟ್ರೆ, ನಾನು ಚಿಕ್ಕಮಗಳೂರು ತಾಲೂಕಿನ ಒಂದು ಗ್ರಾಮ ಪಂಚಾಯ್ತಿ ಅರಿವು ಕೇಂದ್ರದ ಮೇಲ್ವಿಚಾರಕಿ, ಹಳೇ ಹೆಸರಲ್ಲಿ ಪಂಚಾಯ್ತಿ ಲೈಬ್ರರಿ. ಮೊದಲನೇ ಮಾತು, ನಿಮ್ ಪಂಚಾಯ್ತಿಲೂ ಒಂದು ಇರುತ್ತೆ, ಹೋಗಿ ಮಾತಾಡಿ. 2020ರಲ್ಲಿ "ಓದುವ ಬೆಳಕು" ಶುರುವಾದಾಗಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪೂರ್ತಿ ಫ್ರೀ, ಡೆಪಾಸಿಟ್ ಎಂತದೂ ಇಲ್ಲ. ಶಾಲೆಯವ್ರು ಪಟ್ಟಿ ಕೊಟ್ರೆ ನಾವೇ ಕಾರ್ಡ್ ಮಾಡಿ ಕೊಡ್ತೀವಿ. ಶಾಲೆಯವ್ರು ಬರೋದೇ ಇಲ್ಲ ಮಾರಾಯ್ರೆ, ಅದೇ ತೊಂದರೆ.

ನಾನು ಮಕ್ಕಳಿಗೆ ಎಂತ ಮಾಡಿಸ್ತೀನಿ ಹೇಳ್ತೀನಿ, ಬೇಕಾದ್ದು ತಗೊಳ್ಳಿ. ಶುರು ಮಾಡೋದು ಪುಸ್ತಕ ಬಿಚ್ಚೋದ್ರಿಂದ. ಹತ್ತನೇ ಕ್ಲಾಸಿನ ಮಕ್ಕಳಿಗೂ ಮುಂದಿರೋ ಪರಿವಿಡಿಗೂ ಹಿಂದಿರೋ ಪದಸೂಚಿಗೂ ವ್ಯತ್ಯಾಸ ಗೊತ್ತಿರಲ್ಲ. ಒಂದು ದಪ್ಪ ಪುಸ್ತಕ ಕೊಟ್ಟು "ಇದ್ರಲ್ಲಿ ಹೇಮಾವತಿ ಬಗ್ಗೆ ಎಲ್ಲೆಲ್ಲಿ ಇದೆ ಹುಡುಕು" ಅಂದ್ರೆ ಮೊದಲನೇ ಪುಟದಿಂದ ಮಗುಚ್ತಾ ಹೋಗ್ತಾರೆ. ಪದಸೂಚಿ ತೋರ್ಸಿದ್ ದಿನ ಅವ್ರ ಮುಖ ನೋಡ್ಬೇಕು, ಇಷ್ಟ್ ಸುಲಭನಾ ಅಂತ. ಆಮೇಲೆ ಪುಸ್ತಕ ಜೋಡ್ಸೋದು. ಡ್ಯೂಯಿ ನಂಬರ್ ಅಂತ ಇದೆ, 500 ವಿಜ್ಞಾನ, 630 ಕೃಷಿ, 900 ಇತಿಹಾಸ ಭೂಗೋಳ, ಒಳಗೆ ಹೋಗ್ತಾ ಹೋಗ್ತಾ 633.73 ಅಂದ್ರೆ ಕಾಫಿ, 894.814 ಅಂದ್ರೆ ಕನ್ನಡ ಸಾಹಿತ್ಯ. ನಮ್ ಕಡೆ ಮಕ್ಕಳಿಗೆ ಕಾಫಿಗೆ ಅಂತ್ಲೇ ಒಂದು ನಂಬರ್ ಇದೆ ಅಂದ್ರೆ ಎಲ್ಲಿಲ್ಲದ ಖುಷಿ, ಬೀರು ಅವ್ರೇ ಜೋಡ್ಸಿಬಿಟ್ರು. ನಿಮ್ಮ ಬೀರುನೂ ಮಕ್ಕಳ ಕೈಲೇ ಜೋಡ್ಸಿ, ಕ್ಲರ್ಕ್ ಬೈಕೊಂಡ್ರೆ ಬೈಕೊಳ್ಲಿ.

ನೆಟ್ ವಿಚಾರಕ್ಕೆ ಬಂದ್ರೆ ನನ್ನ ಮೆಚ್ಚಿನ ಪ್ರಶ್ನೆ ಒಂದಿದೆ. "ಕಾಫಿ ಕೊಯ್ಲು ಯಾವ ತಿಂಗಳು?" ಮಕ್ಕಳು ಫೋನಲ್ಲಿ ಹುಡುಕಿ ಕೆಲವ್ರು ಮೇಯಿಂದ ಸೆಪ್ಟೆಂಬರ್ ಅಂತ ಬರೀತಾರೆ. ಮನೆ ಹಿಂದೇನೇ ತೋಟ ಇದೆ, ಡಿಸೆಂಬರಲ್ಲಿ ತಾವೇ ಬುಟ್ಟಿ ಹಿಡ್ಕೊಂಡು ಹೋಗ್ತಾರೆ, ಆದ್ರೂ ಫೋನ್ ಹೇಳಿದ್ದನ್ನೇ ಬರೀತಾರೆ! ಅದು ಬ್ರೆಜಿಲ್ ಲೆಕ್ಕ, ಅಲ್ಲಿ ಕೊಯ್ಲು ನಮ್ಮ ಮಳೆಗಾಲದ ತಿಂಗಳಲ್ಲಿ ಬರುತ್ತೆ. ಯಾರು ಬರ್ದಿದ್ದು, ಯಾವ ಊರಿನ ಬಗ್ಗೆ, ಯಾವ ವರ್ಷದ್ದು, ಈ ಮೂರು ಕೇಳದೆ ಏನೂ ಇಳ್ಸಿಕೋಬೇಡಿ ಅಂತ ಅಲ್ಲಿಂದ ಹೇಳ್ಕೊಡೋಕೆ ದಾರಿ ಆಯ್ತು. ಅನುಮಾನ ಬಂದ್ರೆ ಅಜ್ಜನ್ನ ಕೇಳಿ, ಅಜ್ಜ ಹೇಳಿದ್ರಲ್ಲೂ ಅನುಮಾನ ಬಂದ್ರೆ ಬಾಳೆಹೊನ್ನೂರಲ್ಲಿ ಕಾಫಿ ಸಂಶೋಧನಾ ಕೇಂದ್ರ ಇದೆ, 1925ರಿಂದ ಇದೇ ಕೆಲಸ ಮಾಡ್ತಿದೆ, ಅವ್ರು ಎಂತ ಹೇಳ್ತಾರೆ ನೋಡಿ ಅಂತೀನಿ.

ಆಲೂರು ಸಮಾಜ ಮೇಷ್ಟ್ರು

ಅಕ್ಕಾ, ಕಾಫಿ ಪ್ರಶ್ನೆ ನಾನು ಕದೀತೀನಿ, ಹೇಳ್ದೇ ಕೇಳ್ದೇ. ಹೆಚ್.ಎಂ. ಸಾರ್ ನೀವ್ ಹೇಳಿದ್ದೂ ಸುಳ್ಳಲ್ಲ, ನಮ್ ಗಣಿತದವ್ರು ಆಗ್ಲೇ ಮುಖ ಊದಿಸ್ಕೊಂಡಿದಾರೆ.

ಸಕಲೇಶಪುರದ ಅಮ್ಮ

ನಾನು ಟೀಚರ್ ಅಲ್ಲ, ಓದಿರೋದೂ ಹತ್ತನೇ ಕ್ಲಾಸಷ್ಟೇ, ಆದ್ರೂ ಹೇಳ್ಲೇಬೇಕು ಅನ್ಸಿ ಬರೀತಿದೀನಿ. ನನ್ ದೊಡ್ಡ ಮಗಳು ಸರ್ಕಾರಿ ಶಾಲೆಲಿ ಓದಿದ್ದು, ಚೆನ್ನಾಗೂ ಓದ್ತಿದ್ಲು. ಎನ್ನೆಮ್ಮೆಮ್ಮೆಸ್ ಅಂತ ಪರೀಕ್ಷೆ ಇದೆ, 8ನೇ ಕ್ಲಾಸಲ್ಲಿ ಬರೆದು ಆಯ್ಕೆ ಆದ್ರೆ 9ರಿಂದ ಪಿಯುಸಿ ಮುಗಿಯೋವರೆಗೂ ವರ್ಷಕ್ಕೆ 12,000 ಬರುತ್ತೆ ಅಂತ ನಮಗೆ ಗೊತ್ತಾಗಿದ್ದು ಅವಳು 9ಕ್ಕೆ ಬಂದ್ಮೇಲೆ. ಅದೂ ಪಕ್ಕದೂರಿನ ಹುಡುಗಿಗೆ ಬಂತಂತೆ ಅಂತ ಬಸ್ಸಲ್ಲಿ ಯಾರೋ ಮಾತಾಡ್ತಿದ್ದಿದ್ದು ಕೇಳಿ. ಶಾಲೆಲಿ ಕೇಳಿದ್ರೆ ನೋಟಿಸ್ ಬೋರ್ಡಿಗೆ ಹಾಕಿದ್ವಲ್ಲ ಅಂದ್ರು. ನೋಟಿಸ್ ಬೋರ್ಡ್ ಗಾಜಿನೊಳಗೆ ಸರ್ಕಾರಿ ಕನ್ನಡದಲ್ಲಿ ಎರಡು ಪುಟ ಇದ್ರೆ ಮಕ್ಕಳು ಓದ್ತಾವಾ ಹೇಳಿ.

ಚಿಕ್ಕವನಿಗೆ ಮಾತ್ರ ನಾನೇ ಬೆನ್ ಹತ್ತಿ ಬರೆಸ್ದೆ, ಆಯ್ಕೆನೂ ಆದ. ಆಮೇಲೆ ಶುರುವಾಯ್ತು ನೋಡಿ. ಆಧಾರಲ್ಲಿ ಒಂದು ಹೆಸರು, ಶಾಲೆ ದಾಖಲೆಲಿ ಇನಿಷಿಯಲ್ ಹಿಂದೆ ಮುಂದೆ, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿಲ್ಲ. ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲಲ್ಲಿ ಮತ್ತೆ ಅರ್ಜಿ ಹಾಕ್ಬೇಕು, ಪರೀಕ್ಷೆ ಪಾಸಾದ್ರೆ ಮುಗೀತು ಅನ್ಕೊಂಡಿದ್ವಿ ನಾವು. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ಹೆಸರು ತಿದ್ದಕ್ಕೆ ಇನ್ನೊಂದು ಕಡೆ, ಕೂಲಿ ಬಿಟ್ಟು ಓಡಾಡೋರಿಗೆ ಗೊತ್ತು ಕಷ್ಟ. ಮೇಷ್ಟ್ರೇ, ನಿಮ್ ಪೀರಿಯಡ್ಡಲ್ಲಿ ಬೇರೇನೂ ಮಾಡ್ಬೇಡಿ, ಪ್ರತಿ ಮಗೂನೂ ತನ್ನ ಆಧಾರ್, ಬ್ಯಾಂಕ್ ಪಾಸ್‌ಬುಕ್, ಶಾಲೆ ದಾಖಲೆ ಮೂರರಲ್ಲೂ ಹೆಸರು ಒಂದೇ ಇದೆಯಾ ನೋಡ್ಕೊಳ್ಳೋ ಹಂಗೆ ಮಾಡಿ ಸಾಕು. ನಮಗೆ ಅದೇ ದೊಡ್ಡ ಉಪಕಾರ.

ಕಡೂರು ರಿಟೈರ್ಡ್ ಹೆಚ್.ಎಂ.

ತಾಯಿ, ನೀವು ಹೇಳಿದ್ದು ಒಪ್ಪಿದೆ. ಆದ್ರೆ ಅದು ಕ್ಲರ್ಕ್ ಮಾಡ್ಬೇಕಾದ ಕೆಲ್ಸ, ಪಾಠ ಮಾಡೋ ಮೇಷ್ಟ್ರದ್ದಲ್ಲ. ಬಿಸಿಯೂಟ, ಮೊಟ್ಟೆ ಲೆಕ್ಕ, ಚುನಾವಣೆ, ಗಣತಿ, ಈಗ ಇದೂ ಸೇರ್ಸಿದ್ರೆ ಪಾಠ ಯಾವಾಗ ಮಾಡೋದು?

ಹಾಸನ ಇಂಜಿನಿಯರಿಂಗ್ ಪಾರ್ಟಿ

ಸಾರ್, ಮೇಷ್ಟ್ರು ಮಾಡ್ಕೊಡ್ಲಿ ಅಂತ ಅಮ್ಮ ಹೇಳ್ತಿಲ್ಲ, ಮಕ್ಕಳೇ ನೋಡ್ಕೊಳ್ಳೋದು ಕಲೀಲಿ ಅಂತಿದಾರೆ. ಇವತ್ತು ಮೇಷ್ಟ್ರು ತುಂಬಿಕೊಟ್ರೆ ನಾಳೆ ಸೈಬರ್ ಸೆಂಟರ್‌ನವ್ನು ತುಂಬ್ತಾನೆ, ಮುಂದೆ ಕೆಲ್ಸದ ಅರ್ಜಿಗೂ ಅವನೇ, ಪಾಸ್‌ವರ್ಡೂ ಅವನ ಹತ್ರಾನೇ. ನಮ್ ಕ್ಲಾಸಲ್ಲಿ ಈಗ್ಲೂ ಇಮೇಲ್ ಪಾಸ್‌ವರ್ಡ್ ಸೆಂಟರ್‌ನವ್ನ ನೋಟ್‌ಬುಕ್ಕಲ್ಲಿರೋರು ಇದಾರೆ, ತಮಾಷೆ ಅಲ್ಲ.

ತಾಲೂಕು ಆಸ್ಪತ್ರೆ ಸಮಾಲೋಚಕಿ

ನಾನು ಹದಿಹರೆಯದ ಮಕ್ಕಳ ಆಪ್ತ ಸಮಾಲೋಚನೆ ಮಾಡೋಳು. ತಾಲೂಕು ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್ ಅಂತ ಬೋರ್ಡ್ ನೋಡಿರ್ಬೋದು, 10ರಿಂದ 19 ವರ್ಷದವ್ರಿಗೆ. ನೋಡಿರ್ತೀರಿ, ಒಳಗೆ ಬಂದಿರಲ್ಲ.

ಇಲ್ಲಿ ಎಲ್ಲಾ ಸ್ಕಾಲರ್‌ಶಿಪ್ಪು, ಪುಸ್ತಕ ಅಂತ ಮಾತಾಡ್ತಿದೀರಿ, ಸರೀನೇ, ಆದ್ರೆ ನನ್ ಹತ್ರ ಬರೋ ಮಕ್ಕಳ ವಿಷ್ಯ ಬೇರೆ ಇರುತ್ತೆ. ಮನೇಲಿ ಕುಡಿತ, ಮದುವೆ ಮಾತುಕತೆ, ಮುಟ್ಟಿನ ಹೊಟ್ಟೆನೋವು, ಯಾರೋ ಫೋಟೋ ಇಟ್ಕೊಂಡು ಹೆದರಿಸ್ತಿರೋದು. ಬರೋವಷ್ಟರಲ್ಲಿ ತುಂಬಾ ತಡ ಆಗಿರುತ್ತೆ, ಯಾಕಂದ್ರೆ ಯಾರ ಹತ್ರ ಹೋಗ್ಬೇಕು ಅಂತ್ಲೇ ಗೊತ್ತಿರಲ್ಲ. ಮಕ್ಕಳ ಸಹಾಯವಾಣಿ 1098 ನಂಬರ್ ಪುಸ್ತಕದ ಹಿಂದೆ ಓದಿರ್ತಾರೆ, ಮಾಡಿದ್ರೆ ಯಾರು ಎತ್ತುತಾರೆ, ಏನ್ ಕೇಳ್ತಾರೆ, ಮನೆಗೆ ಪೊಲೀಸ್ ಬಂದ್ಬಿಡ್ತಾರಾ, ಅದ್ಯಾವುದೂ ಗೊತ್ತಿಲ್ದೆ ಯಾರ್ ಮಾಡ್ತಾರೆ? ಟೆಲಿ ಮಾನಸ್ 14416 ಅಂತ ಇನ್ನೊಂದಿದೆ, 2022ರಲ್ಲಿ ಶುರುವಾಗಿದ್ದು, ಮನಸ್ಸಿಗೆ ಸಂಬಂಧಪಟ್ಟಿದ್ದಕ್ಕೆ, ಕನ್ನಡದಲ್ಲೇ ಮಾತಾಡ್ಬೋದು, ದುಡ್ಡಿಲ್ಲ. ಫೋಟೋ, ದುಡ್ಡಿನ ಮೋಸ ಅಂದ್ರೆ 1930. ಈ ಮೂರು ನಂಬರ್‌ನ ಬೋರ್ಡ್ ಮೇಲೆ ಬರ್ದು ಸುಮ್ನಾಗ್ಬೇಡಿ ಮೇಷ್ಟ್ರೆ, ಕ್ಲಾಸಲ್ಲಿ ಇಬ್ರನ್ನ ಎದುರು ಬದುರು ಕೂರ್ಸಿ ಫೋನ್ ಮಾಡೋ ನಾಟಕ ಆಡ್ಸಿ. ಮೊದಲು ನಗ್ತಾರೆ, ಆಮೇಲೆ ಕ್ಲಾಸ್ ಪೂರ್ತಿ ಸುಮ್ನಾಗಿ ನೋಡ್ತಾರೆ.

ದೂರು ಪೆಟ್ಟಿಗೆ ಎಲ್ಲಾ ಶಾಲೆಲೂ ಇದೆ. ಎಲ್ಲಿ ನೇತಾಕಿರ್ತಾರೆ? ಹೆಚ್.ಎಂ. ರೂಮಿನ ಬಾಗ್ಲಲ್ಲಿ! ಹೆಣ್ಣು ಮಗು ಅಲ್ಲಿ ನಿಂತು ಚೀಟಿ ಹಾಕ್ತಾಳಾ? ಎಲ್ರೂ ಹೇಗಿದ್ರೂ ಓಡಾಡೋ ಜಾಗಕ್ಕೆ ಹಾಕಿ, ಟಾಯ್ಲೆಟ್ ಕಡೆ ಹೋಗೋ ದಾರೀಲಾದ್ರೂ ಸರಿ. ತೆಗೆಯೋವಾಗ ಒಬ್ರು ಮೇಡಂ ಇರ್ಲಿ, ಚೀಟಿನ ಪ್ರಾರ್ಥನೆ ಟೈಮಲ್ಲಿ ಓದಿ ಹೇಳೋ ಕೆಲ್ಸ ಮಾತ್ರ ದಯವಿಟ್ಟು ಬೇಡ, ಒಂದು ಕಡೆ ಹಂಗೆ ಮಾಡಿದ್ರು, ಆಮೇಲೆ ಆ ಪೆಟ್ಟಿಗೆಲಿ ಚಾಕ್ಲೇಟ್ ಪೇಪರ್ ಬಿಟ್ರೆ ಬೇರೇನೂ ಬೀಳ್ಲಿಲ್ಲ.

ಇನ್ನೊಂದು ಗಟ್ಟಿಯಾಗಿ ಹೇಳ್ಬೇಕಾದ್ದು. ಮಗು ಬಂದು "ಯಾರಿಗೂ ಹೇಳ್ಬೇಡಿ ಸಾರ್" ಅಂದಾಗ "ಹೇಳಲ್ಲ" ಅಂತ ಮಾತು ಕೊಡ್ಬೇಡಿ. ನಿನ್ನ ಮೇಲೆ ಯಾರಾದ್ರೂ ಕೈ ಹಾಕ್ತಿದ್ರೆ, ನಿನ್ ಜೀವಕ್ಕೆ ಅಪಾಯ ಇದ್ರೆ ಹೇಳ್ಲೇಬೇಕಾಗುತ್ತೆ, ಉಳಿದಿದ್ದು ನಮ್ಮಿಬ್ರಲ್ಲೇ ಅಂತ ಮೊದ್ಲೇ ಹೇಳಿ. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ ಪೋಕ್ಸೊ ಕಾಯ್ದೆಲಿ ಸೆಕ್ಷನ್ 19ರ ಪ್ರಕಾರ ವಿಷಯ ಗೊತ್ತಾದವ್ರು ಪೊಲೀಸಿಗೆ ತಿಳಿಸ್ಲೇಬೇಕು, ತಿಳಿಸ್ದಿದ್ರೆ 21ರಲ್ಲಿ ಶಿಕ್ಷೆ ಇದೆ. ಶಾಲೆ ಮರ್ಯಾದೆ ಹೋಗುತ್ತೆ ಅಂತ ಒಳಗೊಳಗೇ ರಾಜಿ ಮಾಡ್ಸೋರಿಗೆ ಇದು ಗೊತ್ತಿರ್ಲಿ.

ಕಡೂರು ಹೆಚ್.ಎಂ. ಸಾರ್, ಮತ್ತೆ ಪರೀಕ್ಷೆ ಇರೋದ್ರಿಂದ ಮಕ್ಕಳು ಸದರ ಮಾಡ್ಕೊಂಡಿದಾರೆ ಅಂದ್ರಿ. ರಿಸಲ್ಟ್ ದಿನ ನನ್ ಫೋನ್ ಹೆಂಗೆ ಹೊಡ್ಕೊಳ್ಳುತ್ತೆ ಅಂತ ಬಂದು ನೋಡಿ ಒಂದ್ಸಲ. ಫೇಲ್ ಅಂದ ತಕ್ಷಣ ಎಲ್ಲಾ ಮುಗೀತು ಅನ್ಕೊಳ್ಳೋ ಮಕ್ಕಳಿಗೆ ಪರೀಕ್ಷೆ-2 ಇದೆ, ಯಾವ್ದ್ರಲ್ಲಿ ಜಾಸ್ತಿ ಬಂದಿದ್ಯೋ ಅದೇ ನಿಲ್ಲುತ್ತೆ ಅನ್ನೋ ಒಂದು ವಿಷಯ ಮೊದ್ಲೇ ತಲೆಲಿದ್ರೆ ಸಾಕಾಗುತ್ತೆ. ಅದನ್ನ ಏಪ್ರಿಲಲ್ಲಿ ಹೇಳಿದ್ರೆ ಕಿವಿಗೆ ಬೀಳಲ್ಲ. ಜುಲೈನಲ್ಲಿ, ಮಳೆಗೆ ಅರ್ಧ ಕ್ಲಾಸ್ ಖಾಲಿ ಇರೋ ಯಾವ್ದೋ ಶನಿವಾರ ಹೇಳಿ.

ಕಡೂರು ರಿಟೈರ್ಡ್ ಹೆಚ್.ಎಂ.

ಮೇಡಂ, ರಿಸಲ್ಟ್ ದಿನದ್ದು ನನಗೂ ಗೊತ್ತು. ನಮ್ ಶಾಲೆದೇ ಒಂದು ಮಗು... ಇರ್ಲಿ ಬಿಡಿ, ಅದನ್ನ ಇಲ್ಲಿ ಬರೆಯೋದ್ ಬೇಡ. ಆ ಪೆಟ್ಟಿಗೆ ಮಾತು ಮಾತ್ರ ಸರಿ, ನಮ್ಮಲ್ಲೂ ನನ್ ರೂಮಿನ ಬಾಗ್ಲಲ್ಲೇ ಇತ್ತು.

ಬೇಲೂರು ಬಸ್ಸು

ಮಧ್ಯ ಬಾಯಿ ಹಾಕ್ತಿದೀನಿ. ನಮ್ ಕಡೆ ಮಕ್ಕಳಿಗೆ ಸುದ್ದಿ ನಿಜನಾ ಸುಳ್ಳಾ ಅಂತ ಕಲ್ಸೋಕೆ ಆನೆಗಿಂತ ಒಳ್ಳೇ ಪಾಠ ಇಲ್ಲ. ನಮ್ ಗ್ರೂಪಲ್ಲಿ ದಿನಾ ಬರುತ್ತೆ, "ಈಗ ತಾನೇ ನಮ್ಮೂರ ಕೆರೆ ಹತ್ರ ಭೀಮ" ಅಂತ ವಿಡಿಯೋ, ಭೀಮ ಅಂದ್ರೆ ನಮ್ ಕಡೆ ಓಡಾಡೋ ಕಾಡಾನೆ. ಅದೇ ವಿಡಿಯೋ ಮೂರು ಊರಿನ ಹೆಸರಲ್ಲಿ ಓಡಾಡ್ತಿರುತ್ತೆ, ಅದ್ರಲ್ಲಿ ಭತ್ತದ ಗದ್ದೆ ಹಸುರಾಗಿರುತ್ತೆ, ನಮ್ಮಲ್ಲಿ ಆಗ ಕಟಾವಾಗಿ ಹುಲ್ಲು ಬಣವೆ ಒಟ್ಟಿರ್ತೀವಿ! ಮಕ್ಕಳು ಗದ್ದೆ ನೋಡಿ ಕಂಡು ಹಿಡೀತಾರೆ, ಗೂಗಲ್ ಬೇಕಾಗಿಲ್ಲ. ಸುಳ್ಳು ಸುದ್ದಿ ನಂಬಿ ಶಾಲೆ ತಪ್ಸೋದು ಒಂದು ಕಡೆ, ದಿನಾ ಸುಳ್ಳೇ ಬರುತ್ತೆ ಅಂತ ನಿಜವಾದ ಅಲರ್ಟ್‌ನ ಕಡೆಗಣಿಸಿ ಹೋದ್ರೆ ಜೀವಕ್ಕೇ ಕುತ್ತು. ಅರಣ್ಯ ಇಲಾಖೆಯವ್ರ ಮೆಸೇಜ್ ಯಾವ್ದು, ಯಾರೋ ಫಾರ್ವರ್ಡ್ ಮಾಡಿದ್ ಯಾವ್ದು ಅಂತ ಬೇರೆ ಮಾಡಕ್ಕೆ ಬಂದ್ರೆ ಅಷ್ಟೇ ಸಾಕು. ಫ್ರೀ ಲ್ಯಾಪ್‌ಟಾಪ್ ಲಿಂಕು, ಸ್ಕಾಲರ್‌ಶಿಪ್ ಲಿಂಕು ಬಂದಾಗ್ಲೂ ಅದೇ ಬುದ್ಧಿ ಉಪಯೋಗಕ್ಕೆ ಬರುತ್ತೆ. ಸರ್ಕಾರದ ಅಡ್ರೆಸ್ ಆದ್ರೆ ಕೊನೇಲಿ ಜಿಒವಿ ಡಾಟ್ ಇನ್ ಇಲ್ಲಾ ಎನ್ಐಸಿ ಡಾಟ್ ಇನ್ ಇರುತ್ತೆ, ಓಟಿಪಿ ಕೇಳಿದ್ರೆ ಫೋನ್ ಕೆಳಗಿಡು, ಮುಗೀತು.

ಹೊಳೆನರಸೀಪುರದ ಹುಡ್ಗ

ಹುಲ್ಲು ಬಣವೆ ನೋಡಿ ಫ್ಯಾಕ್ಟ್ ಚೆಕ್, ಸೂಪರ್. ಖೋ ಖೋ ವಾಪಸ್ ತಗೊಂಡೆ.

ಆಲೂರು ಸಮಾಜ ಮೇಷ್ಟ್ರು

ಎಲ್ರಿಗೂ ಥ್ಯಾಂಕ್ಸ್. ಬರಿ ಓದಿ ಸುಮ್ನಾಗ್ಲಿಲ್ಲ, ಒಂದೆರಡು ಮಾಡ್ಸಿ ನೋಡ್ದೆ, ಏನಾಯ್ತು ಅಂತ ಹೇಳ್ತೀನಿ.

ಆನೆ ವಿಡಿಯೋ, ಕಾಫಿ ಕೊಯ್ಲು ಎರಡೂ 8, 9ಕ್ಕೆ ಚೆನ್ನಾಗ್ ನಡೀತು. 10ನೇ ಕ್ಲಾಸಿಗೆ ಹಲ್ಮಿಡಿ ಕೊಟ್ಟೆ. ನಮ್ ಜಿಲ್ಲೆದೇ, ಬೇಲೂರು ತಾಲೂಕು, ಮಕ್ಕಳಿಗೆ ಚಿಕ್ಕಂದಿನಿಂದ "ಕನ್ನಡದ ಮೊದಲ ಶಾಸನ, ಕ್ರಿ.ಶ. 450" ಅಂತ ಬಾಯಿಗೆ ಬಂದಿದೆ. ಹುಡುಕಿ ನೋಡಿ ಅಂತ ಬಿಟ್ಟೆ. ಒಬ್ಳು ಹುಡುಗಿ ತಾಳಗುಂದದ್ದು ತಂದ್ಲು, ಶಿಕಾರಿಪುರ ತಾಲೂಕಲ್ಲಿ ಪುರಾತತ್ವ ಇಲಾಖೆಯವ್ರು 2013ರಲ್ಲಿ ಅಗೆದಾಗ ಸಿಂಹದ ಕಟಾಂಜನದ ಮೇಲೆ ಸಿಕ್ಕಿದ ಬರಹ, "ಕ್ರಿ.ಶ. 370 ಅಂತಾರೆ ಸಾರ್, ಹಂಗಾದ್ರೆ ನಮ್ ಪುಸ್ತಕ ತಪ್ಪಾ?" ಅಂದ್ಲು. ಕ್ಲಾಸ್ ಎರಡು ಭಾಗ ಆಯ್ತು, ನಮ್ ಜಿಲ್ಲೆ ಮರ್ಯಾದೆ ಪ್ರಶ್ನೆ ನೋಡಿ! ಯಾವ್ದು ಸರಿ ಅಂತ ನಾನ್ ಹೇಳ್ಲಿಲ್ಲ. ಪುಸ್ತಕ ಯಾವಾಗ ಬರ್ದಿದ್ದು, ಹಲ್ಮಿಡಿ ಯಾವಾಗ ಸಿಕ್ಕಿದ್ದು, ಕಾಲ ನಿರ್ಣಯ ಮಾಡೋದು ಹೆಂಗೆ, 450 ಅಂತ ಕಲ್ಲಿನ ಮೇಲೆ ಬರ್ದಿದೆಯಾ ಅಂತ ಕೇಳ್ದೆ. ಕಲ್ಲಿನ ಮೇಲೆ ಇಸವಿನೇ ಇಲ್ಲ, ಲಿಪಿ ನೋಡಿ, ಅದ್ರಲ್ಲಿ ಬರೋ ಕದಂಬರ ರಾಜನ ಹೆಸರು ನೋಡಿ ವಿದ್ವಾಂಸರು ಅಂದಾಜು ಮಾಡಿದ್ದು ಅಂತ ಗೊತ್ತಾದಾಗ ಬೆಂಚ್ ಬೆಂಚಿಗೂ ಗುಸುಗುಸು. 1936ರಲ್ಲಿ ಎಂ.ಹೆಚ್. ಕೃಷ್ಣ ಅವ್ರು ಪತ್ತೆ ಮಾಡಿದ್ರು ಅನ್ನೋದನ್ನ ಯಾರೂ ಬಾಯಿಪಾಠ ಮಾಡ್ಲಿಲ್ಲ, ಜಗಳದಲ್ಲೇ ನೆನಪುಳೀತು. ಆ ಪೀರಿಯಡ್ ಬೆಲ್ ಹೊಡೆದ್ರೂ ಎದ್ದಿಲ್ಲ, ಬಸ್ ಹೋಗ್ಬಿಡುತ್ತೆ ಅಂತ ನಾನೇ ಓಡ್ಸಿದೆ.

ಕೈ ಕೊಟ್ಟಿದ್ದು ಯಾವ್ದು ಅಂದ್ರೆ ಆ ಜೀವನ ಕೌಶಲ ಮಾಡ್ಯೂಲು. "ನಿನ್ನ ಬಲ, ದೌರ್ಬಲ್ಯ ಬರಿ" ಅಂತ ಇತ್ತು. ದೌರ್ಬಲ್ಯದ ಕಡೆ ಎಲ್ರೂ "ಇಂಗ್ಲಿಷ್, ಗಣಿತ" ಅಂತ ಬರ್ದ್ರು, ಬಲದ ಕಡೆ ಖಾಲಿ. ಒಬ್ಬ ಹುಡುಗ ಮಾತ್ರ "ಮೆಣಸಿನ ಮರ ಹತ್ತೋದು" ಅಂತ ಬರ್ದಿದ್ದ. ಅವನ್ ಬರ್ದಿದ್ದೇ ನಿಜವಾದ ಉತ್ತರ ಅನ್ಸಿತು. ಉಳಿದ ಮಾಡ್ಯೂಲ್ ಬೀರುಗೆ ವಾಪಸ್ ಹೋಯ್ತು.

ಮತ್ತೊಂದು ವಿಷ್ಯ. ವಾಟ್ಸಾಪಲ್ಲೇ ಎಐ ಬಂದಿದ್ಯಲ್ಲ, ಚಟುವಟಿಕೆ ಎಲ್ಲಾ ಅದ್ರಲ್ಲೇ ಕೇಳಿ ಇಳಿಸ್ತಿದಾರೆ. ಪ್ರಿಂಟೌಟ್ ಹೋಗಿ ಇದು ಬಂತು ಅಷ್ಟೇ. ಇದಕ್ಕೇನ್ ಮಾಡ್ತೀರಿ?

ಅರಿವು ಕೇಂದ್ರದ ಅಕ್ಕ

ಬೈಯೋದ್ ಬೇಡ. ಅದನ್ನೇ ನಮ್ಮೂರಿನ ಬಗ್ಗೆ ಕೇಳಿ, ಅದು ಹೇಳಿದ್ರಲ್ಲಿ ತಪ್ಪು ಹುಡುಕೋ ಸ್ಪರ್ಧೆ ಇಡಿ. ನಿಮ್ ಶಾಲೆ ಇರೋ ಊರಿನ ದೇವಸ್ಥಾನ, ಜಾತ್ರೆ, ಕೆರೆ ಬಗ್ಗೆ ಕೇಳಿದ್ರೆ ಎಷ್ಟು ಧೈರ್ಯವಾಗಿ ಇಲ್ಲದ್ದೆಲ್ಲ ಹೇಳುತ್ತೆ ಅಂತ ಮಕ್ಕಳೇ ನೋಡ್ತಾರೆ, ಊರಿನ ವಿಷಯದಲ್ಲಿ ಅವರಿಗಿಂತ ಬಲ್ಲವ್ರು ಇಲ್ವಲ್ಲ. ಇನ್ನು ಚಟುವಟಿಕೆ ಪ್ರಶ್ನೆನೇ ಬದಲಾಯ್ಸಿ ಮೇಷ್ಟ್ರೆ. "ಹೊಯ್ಸಳರ ಬಗ್ಗೆ ಬರಿ" ಅಂದ್ರೆ ಯಾರಾದ್ರೂ ಇಳಿಸ್ತಾರೆ. "ನಿಮ್ಮೂರಲ್ಲಿರೋ ವೀರಗಲ್ಲು ಇಲ್ಲಾ ಮಾಸ್ತಿಗಲ್ಲು ಒಂದನ್ನ ನೋಡಿ ಚಿತ್ರ ಬಿಡಿಸು, ಅದ್ರ ಬಗ್ಗೆ ಮನೇಲಿ ಏನ್ ಹೇಳ್ತಾರೆ ಬರಿ" ಅಂದ್ರೆ ಎಲ್ಲಿಂದ ಇಳಿಸ್ತಾರೆ?

ಆಲೂರು ಸಮಾಜ ಮೇಷ್ಟ್ರು

ಅಬ್ಬಾ, ಇದು ಹೊಳೀಲೇ ಇಲ್ಲ ನೋಡಿ. ನಮ್ ಶಾಲೆ ಕಾಂಪೌಂಡ್ ಪಕ್ಕದಲ್ಲೇ ಒಂದು ವೀರಗಲ್ಲಿದೆ, ಮಕ್ಕಳು ಅದ್ರ ಮೇಲೆ ಬ್ಯಾಗ್ ಇಡ್ತಾರೆ.

ಕಡೂರು ರಿಟೈರ್ಡ್ ಹೆಚ್.ಎಂ.

ಮೇಷ್ಟ್ರೆ, ಗಣಿತದವರ ಜೊತೆ ಜಗಳ ಬೇಡ, ಒಂದು ಉಪಾಯ ಹೇಳ್ತೀನಿ. ಡಿಸೆಂಬರ್ ತನಕ ಪೀರಿಯಡ್ ನಿಮ್ದು, ಜನವರಿಯಿಂದ 10ನೇ ಕ್ಲಾಸಿಂದು ಮಾತ್ರ ಅವ್ರಿಗೆ ಬಿಟ್ಕೊಡಿ, 8, 9 ನಿಮ್ ಹತ್ರಾನೇ ಇರ್ಲಿ. ಇದನ್ನ ಬಾಯ್ಮಾತಲ್ಲಿ ಬಿಡ್ಬೇಡಿ, ಸ್ಟಾಫ್ ಮೀಟಿಂಗ್ ನಡಾವಳಿಲಿ ಬರೆಸಿ ಸಹಿ ಹಾಕ್ಸಿ. ಮತ್ತೆ ಆ ವ್ಯಾಸಂಗ ಪ್ರಮಾಣಪತ್ರದ ವಿಷ್ಯ, ಹತ್ತನೇ ಕ್ಲಾಸ್ ಮುಗ್ಸಿ ಟಿಸಿ ತಗೊಳ್ಳಕ್ಕೆ ಬಂದಾಗ್ಲೇ ಕನ್ನಡ ಮಾಧ್ಯಮ, ಗ್ರಾಮೀಣ ಎರಡರ ಬಗ್ಗೆನೂ ಪ್ರತಿ ಮಗುಗೂ ಹೇಳಿ ಕಳ್ಸಿ. ಒಂದ್ರಿಂದ ಏಳು ಬೇರೆ ಶಾಲೆಲಿ ಓದಿರ್ತಾರೆ, ಅಲ್ಲಿಂದು ಬೇರೆ ತರ್ಬೇಕಾಗುತ್ತೆ, ಕೆಲವು ಕಡೆ ಮಕ್ಕಳಿಲ್ದೆ ಆ ಶಾಲೆನೇ ಮುಚ್ಚಿರುತ್ತೆ, ಆಗ ದಾಖಲೆ ಪಕ್ಕದ ಶಾಲೆಗೆ ಹೋಗಿರುತ್ತೆ, ಬಿಇಒ ಆಫೀಸಲ್ಲಿ ಕೇಳಿದ್ರೆ ಎಲ್ಲಿದೆ ಅಂತ ಹೇಳ್ತಾರೆ. ಇದು ಎರಡು ವರ್ಷ ಆದ್ಮೇಲೆ ಸಿಇಟಿ ಟೈಮಲ್ಲಿ ಹುಡುಕೋ ಕೆಲ್ಸ ಅಲ್ಲ.

ಹಾಸನ ಇಂಜಿನಿಯರಿಂಗ್ ಪಾರ್ಟಿ

ಹೆಚ್.ಎಂ. ಸಾರ್, ನಿಮ್ ಶಾಲೆಲಿ ಓದ್ಬೇಕಿತ್ತು ನಾವು. ಆಲೂರು ಮೇಷ್ಟ್ರೆ, ಹಾಸನದಿಂದ ನಾವೊಂದು ನಾಲ್ಕು ಜನ ಹಳೇ ಕನ್ನಡ ಮೀಡಿಯಂ ಪಾರ್ಟಿಗಳು ಯಾವ್ದಾದ್ರೂ ಶನಿವಾರ ಬರ್ತೀವಿ. ಡಿಪ್ಲೊಮಾ ಮಾಡಿ ಡಿಸಿಇಟಿ ಬರೆದು ಸೀದಾ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಬಂದವ್ನು ಒಬ್ಬ ಇದಾನೆ, ಐಟಿಐ ಮಾಡಿ ಕೆಲ್ಸದಲ್ಲಿರೋನು ಒಬ್ಬ, ಹಾಸನದ ವೆಟರ್ನರಿ ಕಾಲೇಜಲ್ಲಿ ಓದ್ತಿರೋಳು ಒಬ್ಳು. ಚಾರ್ಟ್ ಓದಿ ಹೇಳೋ ಬದ್ಲು ಇವ್ರನ್ನೇ ಪ್ರಶ್ನೆ ಕೇಳ್ಲಿ, ಎಷ್ಟ್ ಖರ್ಚಾಯ್ತು, ಇಂಗ್ಲಿಷ್‌ಗೆ ಏನ್ ಮಾಡಿದ್ರಿ, ಹಾಸ್ಟೆಲ್ ಹೆಂಗೆ ಸಿಕ್ತು. ಬಸ್ ಚಾರ್ಜ್ ನಮ್ದೇ, ಊಟ ಬಿಸಿಯೂಟದಲ್ಲಿ ಹೊಂದ್ಸಿದ್ರೆ ಸಾಕು.

ಆಲೂರು ಸಮಾಜ ಮೇಷ್ಟ್ರು

ಬನ್ನಿ ಬನ್ನಿ, ಊಟಕ್ಕೇನು. ನವೆಂಬರ್ ಒಳಗೆ ಬನ್ನಿ ಆದ್ರೆ, ಆಮೇಲೆ ಕೊಯ್ಲಿಗೆ ಅರ್ಧ ಮಕ್ಕಳು ಸಿಗಲ್ಲ. ದಿನ ಹೆಚ್.ಎಂ. ಹತ್ರ ಮಾತಾಡಿ ಹೇಳ್ತೀನಿ.

ಸಕಲೇಶಪುರದ ಅಮ್ಮ

ನಂದೊಂದು ಪ್ರಶ್ನೆ ಇತ್ತು. ನಮ್ ಪಕ್ಕದ ಲೈನ್ ಮನೆ ಹುಡುಗಿ ಈಗ 9ನೇ ಕ್ಲಾಸು, ಆ ಎನ್ನೆಮ್ಮೆಮ್ಮೆಸ್ ಬರೆಯಕ್ಕಾಗಲ್ವಾ? ಅವ್ರಮ್ಮ ಕೇಳ್ತಿದಾರೆ, ಎಸ್ಟೇಟಲ್ಲಿ ಕೆಲ್ಸ.

ಆಲೂರು ಸಮಾಜ ಮೇಷ್ಟ್ರು

ಇಲ್ಲಮ್ಮ, ಅದು 8ನೇ ಕ್ಲಾಸಲ್ಲಿ ಇದ್ದಾಗ ಮಾತ್ರ. ಸರ್ಕಾರಿ, ಅನುದಾನಿತ ಶಾಲೆಯವ್ರಿಗೆ, ಮನೆ ಆದಾಯ ಮೂರೂವರೆ ಲಕ್ಷದೊಳಗೆ ಇರ್ಬೇಕು, 7ರಲ್ಲಿ ಶೇ 55 ಬಂದಿರ್ಬೇಕು, ಎಸ್‌ಸಿ ಎಸ್‌ಟಿ ಮಕ್ಕಳಿಗೆ ಶೇ 5 ಸಡಿಲಿಕೆ. ಆದ್ರೆ ಅವ್ರಮ್ಮನಿಗೆ ಎರಡು ವಿಷ್ಯ ಹೇಳಿ. ಒಂದು, ರಾಜ್ಯದ ಎಸ್‌ಎಸ್‌ಪಿ ಪೋರ್ಟಲಲ್ಲಿ ಮೆಟ್ರಿಕ್ ಪೂರ್ವ ಸ್ಕಾಲರ್‌ಶಿಪ್ ಇದೆ, ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಇಟ್ಕೊಂಡಿರ್ಲಿ. ಎರಡು, ಎಸ್ಟೇಟಲ್ಲಿ ಪರ್ಮನೆಂಟ್ ಆಗಿದ್ರೆ, ಸಂಬಳದಲ್ಲಿ ಕಾರ್ಮಿಕ ಕಲ್ಯಾಣ ನಿಧಿ ಅಂತ ಹಿಡೀತಿದ್ರೆ, ಕಾರ್ಮಿಕ ಕಲ್ಯಾಣ ಮಂಡಳಿಯಿಂದ ಹೈಸ್ಕೂಲ್ ಮಕ್ಕಳಿಗೂ ಸಹಾಯಧನ ಇದೆ, ಲೆಕ್ಕ ನೋಡ್ಕೊಳ್ಳೋ ಎಸ್ಟೇಟ್ ರೈಟರ್ ಹತ್ರ ಕೇಳ್ಬೇಕು. ಅಮ್ಮನ ಜೊತೆ ಆ ಹುಡುಗಿನೂ ಹೋಗ್ಲಿ, ಅರ್ಜಿ ಅವಳೇ ತುಂಬ್ಲಿ. ಅವಳಿಗೆ ತಮ್ಮನೋ ತಂಗಿನೋ ಇದ್ರೆ ಈಗ ಯಾವ ಕ್ಲಾಸು ಅಂತ ಕೇಳಿ ನೋಡಿ.

ಸಕಲೇಶಪುರದ ಅಮ್ಮ

ತಂಗಿ 7ನೇ ಕ್ಲಾಸು ಸಾರ್.

ಆಲೂರು ಸಮಾಜ ಮೇಷ್ಟ್ರು

ಹಂಗಾದ್ರೆ ಅವಳದ್ದು ಆಧಾರ್, ಪಾಸ್‌ಬುಕ್, ಶಾಲೆ ದಾಖಲೆ ಮೂರರಲ್ಲೂ ಹೆಸರು ಒಂದೇ ಇದೆಯಾ ಈಗ್ಲೇ ನೋಡಕ್ಕೆ ಹೇಳಿ. ವ್ಯತ್ಯಾಸ ಇದ್ರೆ ತಿದ್ಸಕ್ಕೆ ಒಂದು ವರ್ಷ ಟೈಮಿದೆ.